ರಾಜಿಗೆ ಸಹಿ ಹಾಕಿದ ಮೇಲೂ ಪೇಟೆಂಟ್ ಪ್ರಶ್ನಿಸಬಹುದಾ?

ಗೇರ್‌ಪೆಟ್ಟಿಗೆ:

ಎಲ್ಲರಿಗೂ ನಮಸ್ಕಾರ. ಯಂತ್ರದ ಬಿಡಿಭಾಗ ಮಾಡುವ ಸಣ್ಣ ಕಂಪನಿಯೊಂದರಲ್ಲಿ ನಾನು ಡಿಸೈನ್ ನೋಡಿಕೊಳ್ಳುತ್ತೇನೆ. ನಮ್ಮ ಮಾಲು ಅಮೆರಿಕಕ್ಕೂ ಹೋಗುತ್ತದೆ. ಕೆಲವು ವರ್ಷಗಳ ಹಿಂದೆ ಅಲ್ಲಿನ ಪ್ರತಿಸ್ಪರ್ಧಿ ಕಂಪನಿಯೊಂದು ನಮ್ಮ ಮೇಲೆ ಪೇಟೆಂಟ್ ಉಲ್ಲಂಘನೆಯ ಕೇಸು ಹಾಕಿತು. ವಕೀಲರ ಖರ್ಚು ನೋಡಿ ಹೆದರಿ ರಾಜಿ ಮಾಡಿಕೊಂಡೆವು. ಅಂದಿನಿಂದ ರಾಯಲ್ಟಿ ಕಟ್ಟುತ್ತಿದ್ದೇವೆ.

ಈಗ ಬೇರೆ ವಿನ್ಯಾಸದ ಹೊಸ ಮಾದರಿ ತಯಾರಾಗುತ್ತಿದೆ. ಅದೂ ಆ ಪೇಟೆಂಟಿನ ವ್ಯಾಪ್ತಿಗೆ ಬರುತ್ತದೆ ಅಂತ ಅವರ ಪತ್ರ ಬಂದಿದೆ. ಅಷ್ಟರಲ್ಲಿ ನಮಗೊಂದು ಹಳೆಯ ಕ್ಯಾಟಲಾಗ್ ಸಿಕ್ಕಿದೆ. ಪೇಟೆಂಟಿಗೆ ಅರ್ಜಿ ಹಾಕುವುದಕ್ಕೂ ಎಷ್ಟೋ ಮೊದಲು ಅಚ್ಚಾಗಿದ್ದು. ಹೆಚ್ಚುಕಡಿಮೆ ಅದೇ ಜೋಡಣೆಯ ಚಿತ್ರ ಅದರಲ್ಲಿದೆ! ನಮ್ಮ ಮಾಲೀಕರು "ಪೇಟೆಂಟೇ ನಿಲ್ಲಲ್ಲ ಅಂದ್ಮೇಲೆ ದುಡ್ಡು ಯಾಕೆ ಕೊಡಬೇಕು?" ಅಂತಾರೆ. ರಾಜಿ ಮಾಡಿಕೊಂಡವರಿಗೆ ಆಮೇಲೆ ಪೇಟೆಂಟ್ ತಪ್ಪು ಅಂತ ಹೇಳುವ ಹಕ್ಕು ಇರುತ್ತದಾ?

ಸುಮ್ನಿರು:

ಇರಲ್ಲ. ಸಹಿ ಹಾಕಿದ ಮೇಲೆ ಮುಗೀತು.

ಹಳೇಕಡತ:

ಅಷ್ಟು ಸುಲಭವಾಗಿ ಮುಗಿಯಲ್ಲ ಸ್ವಾಮಿ. ಅಮೆರಿಕದಲ್ಲಿ ಮೂಲ ನಿಯಮ ಇದಕ್ಕೆ ಉಲ್ಟಾ ಇದೆ.

1969ರ ಲಿಯರ್ ವಿರುದ್ಧ ಆಡ್ಕಿನ್ಸ್ ಕೇಸನ್ನು ನೋಡಿ. ಆಡ್ಕಿನ್ಸ್ ಒಬ್ಬ ಸಂಶೋಧಕ. ವಿಮಾನದ ಗೈರೋಸ್ಕೋಪ್ ಸುಧಾರಿಸಲೆಂದು 1952ರಲ್ಲಿ ಲಿಯರ್ ಕಂಪನಿ ಅವರನ್ನು ಕೆಲಸಕ್ಕೆ ತೆಗೆದುಕೊಂಡಿತು. 1955ರಲ್ಲಿ ಲೈಸೆನ್ಸ್ ಒಪ್ಪಂದ ಆಯಿತು. ಪೇಟೆಂಟ್ ಕೈಗೆ ಬಂದದ್ದು 1960ರಲ್ಲಿ. ಅಷ್ಟರೊಳಗೆ ಲಿಯರ್ "ಇದರಲ್ಲಿ ಹೊಸದೇನಿಲ್ಲ" ಅಂತ ರಾಯಲ್ಟಿ ನಿಲ್ಲಿಸಿತ್ತು. ಲೈಸೆನ್ಸ್ ತೆಗೆದುಕೊಂಡು ಲಾಭ ಪಡೆದವನು ಅದೇ ಪೇಟೆಂಟನ್ನು ತಪ್ಪು ಅನ್ನುವಂತಿಲ್ಲ ಎಂಬುದು ಅಲ್ಲಿಯವರೆಗಿನ ನಿಯಮ. ಸುಪ್ರೀಂ ಕೋರ್ಟ್ ಅದನ್ನು ಕಿತ್ತುಹಾಕಿತು. ಕೆಟ್ಟ ಪೇಟೆಂಟನ್ನು ಪ್ರಶ್ನಿಸಲು ಕಾರಣವೂ ದುಡ್ಡೂ ಇರುವವನು ಅನೇಕ ಸಲ ಲೈಸೆನ್ಸ್ ಪಡೆದವನೊಬ್ಬನೇ. ಅವನ ಬಾಯಿ ಕಟ್ಟಿದರೆ ಜನ ಸುಮ್ನೆ ಜಾಸ್ತಿ ಬೆಲೆ ಕೊಡುತ್ತಲೇ ಇರಬೇಕಾಗುತ್ತದೆ. ಇದು ಕೋರ್ಟಿನ ವಾದ.

ಈ ಯೋಚನೆ 1969ರದ್ದೂ ಅಲ್ಲ. 1892ರ ಪೋಪ್ ವಿರುದ್ಧ ಗೋರ್ಮುಲ್ಲಿ ಕೇಸು ಸೈಕಲ್ ಪೇಟೆಂಟ್‌ಗಳದ್ದು. ಲೈಸೆನ್ಸ್ ಮುಗಿದ ಮೇಲೂ ಪೇಟೆಂಟ್‌ಗಳನ್ನು ಪ್ರಶ್ನಿಸಬಾರದು ಅಂತ ಒಪ್ಪಂದದಲ್ಲಿ ಬರೆಸಿಕೊಂಡಿದ್ದರು. ಅದನ್ನು ಜಾರಿ ಮಾಡಿಕೊಡಲು ಸುಪ್ರೀಂ ಕೋರ್ಟ್ ಆಗಲೇ ಒಪ್ಪಿರಲಿಲ್ಲ.

ಸುಮ್ನಿರು:

ಹಾಗಾದ್ರೆ ಗೇರ್‌ಪೆಟ್ಟಿಗೆಯವರು ಆರಾಮಾಗಿ ಕೇಸು ಹಾಕಬಹುದಲ್ಲ? ಪ್ರಶ್ನೆ ಯಾಕೆ ಬಂತು?

ಕಲಂಕಣ್ಣು:

ಲಿಯರ್ ಲೈಸೆನ್ಸ್ ಬಗ್ಗೆ ಹೇಳಿದ್ದು. ರಾಜಿಯ ದಾರಿ ಬೇರೆ. ವ್ಯಾಪಾರಕ್ಕೆಂದು ಕೂತು ಲೈಸೆನ್ಸ್ ಮಾಡಿಕೊಳ್ಳುವುದು ಒಂದು. ಕೋರ್ಟಿನಲ್ಲಿ ನಡೆಯುತ್ತಿರುವ ಜಗಳವನ್ನು ಮುಗಿಸಲು ಸಹಿ ಹಾಕುವುದು ಇನ್ನೊಂದು. ಕೋರ್ಟುಗಳು ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲ್ಲ.

ಪೇಟೆಂಟ್ ಮೇಲ್ಮನವಿಗಳು ಹೋಗುವ ಫೆಡರಲ್ ಸರ್ಕ್ಯೂಟ್ ಕೋರ್ಟ್ 2001ರಲ್ಲಿ ಫ್ಲೆಕ್ಸ್-ಫುಟ್ ತೀರ್ಪು ಕೊಟ್ಟಿತು. ವಿಷಯ ಕೃತಕ ಪಾದ. ಎರಡು ಕಂಪನಿಗಳು ಆಗಲೇ ಜಗಳವಾಡಿ ರಾಜಿಯಾಗಿದ್ದವು. ಪೇಟೆಂಟನ್ನು ಇನ್ನು ಪ್ರಶ್ನಿಸಲ್ಲ ಎಂದು ಆರೋಪಿ ಕಂಪನಿ ಬರೆದುಕೊಟ್ಟಿತ್ತು. ಮತ್ತೆ ಜಗಳ ಬಂದಾಗ ಲಿಯರ್ ತೀರ್ಪನ್ನು ಮುಂದಿಟ್ಟಿತು. ಕೋರ್ಟ್ ಕೇಳಲಿಲ್ಲ. ನೀನು ಪೇಟೆಂಟನ್ನು ಪ್ರಶ್ನಿಸಿದ್ದೆ, ಡಿಸ್ಕವರಿಯಲ್ಲಿ ಎದುರಿನವರ ದಾಖಲೆ ತರಿಸಿ ನೋಡುವ ಅವಕಾಶ ನಿನಗಿತ್ತು, ಮತ್ತೆ ತೆರೆಯಲಾಗದ ಹಾಗೆ ಕೇಸು ಮುಗಿಸಿದೆ, ಮುಂದೆ ಪ್ರಶ್ನಿಸಲ್ಲ ಅಂತ ಸ್ಪಷ್ಟವಾಗಿ ಬರೆದುಕೊಟ್ಟೆ. ಇಷ್ಟಾದ ಮೇಲೆ ಮಾತು ತಪ್ಪುವಂತಿಲ್ಲ ಎಂದಿತು. ಸಿಂಧುತ್ವದ ಬಗ್ಗೆ ವಿಚಾರಣೆ ನಡೆದು ತೀರ್ಪು ಬಂದಿರಲೇಬೇಕು ಅಂತಿಲ್ಲ. ಅವಕಾಶ ಇದ್ದರೆ ಸಾಕು.

ಅರ್ಧವಿರಾಮ:

ನನಗಿದು ಒಪ್ಪಿಗೆಯಾಗಲ್ಲ. ಲಿಯರ್‌ನಲ್ಲಿ ಮುಖ್ಯ ಅಂದದ್ದು ಜನರ ಹಿತ. ಪೇಟೆಂಟ್ ಪೊಳ್ಳಾದರೆ ಬೆಲೆ ತೆರುವುದು ಗ್ರಾಹಕ. ರಾಜಿ ಪತ್ರದಲ್ಲಿ ಅವನ ಸಹಿ ಇದೆಯಾ? ಇಬ್ಬರು ಕೂತು ಮೂರನೆಯವನ ಜೇಬಿನ ಬಗ್ಗೆ ಮಾತಾಡಿಕೊಂಡರೆ ಅದು ಹೇಗೆ ಖಾಸಗಿ ವಿಷಯ ಆಗುತ್ತದೆ?

ಕಲಂಕಣ್ಣು:

ನಿಮ್ಮ ಮಾತಲ್ಲಿ ನ್ಯಾಯ ಇದೆ. ಇನ್ನೊಂದು ಕಡೆಯೂ ನೋಡಿ. ರಾಜಿಯಾದ ಮಾರನೇ ದಿನವೇ ಆರೋಪಿ ಮತ್ತೆ ಕೇಸು ಹಾಕಬಹುದು ಅಂತಾದರೆ ಪೇಟೆಂಟ್ ಮಾಲೀಕ ರಾಜಿಗೆ ಯಾಕೆ ಬರುತ್ತಾನೆ? ಕೊನೆಯವರೆಗೂ ಎಳೆಯುತ್ತಾನೆ. ಆಗ ಮೊದಲು ಮುಳುಗುವುದು ಗೇರ್‌ಪೆಟ್ಟಿಗೆಯವರಂಥ ಸಣ್ಣವರು. ಜೊತೆಗೆ ರಾಜಿ ಕಟ್ಟಿಹಾಕುವುದು ಸಹಿ ಹಾಕಿದವರನ್ನು ಮಾತ್ರ. ಅದೇ ಪೇಟೆಂಟನ್ನು ಹೊರಗಿನ ಬೇರೆ ಯಾರು ಬೇಕಾದರೂ ಪ್ರಶ್ನಿಸಬಹುದು.

ಅರ್ಧವಿರಾಮ:

ಯಾರು ಬೇಕಾದರೂ ಅಂತೀರಿ. ಆ ಮಾರುಕಟ್ಟೆಯಲ್ಲಿ ಇರುವುದೇ ಮೂರು ಕಂಪನಿ, ಮೂವರೂ ಸಹಿ ಹಾಕಿದ್ದಾರೆ ಅಂದರೆ?

ಹಳೇಕಡತ:

ಅರ್ಧವಿರಾಮ ಅವರ ಅನುಮಾನ ಕೋರ್ಟುಗಳಿಗೂ ಬಂದಿದೆ. ಅದಕ್ಕೇ ರಾಜಿ ಯಾವಾಗ ಆಯಿತು ಅನ್ನುವುದು ಇಷ್ಟು ಮುಖ್ಯ. 2012ರಲ್ಲಿ ಎರಡನೇ ಸರ್ಕ್ಯೂಟ್ ಕೋರ್ಟ್ ಮುಂದೆ ರೇಟ್ಸ್ ಟೆಕ್ನಾಲಜಿ ವಿರುದ್ಧ ಸ್ಪೀಕೀಸಿ ಕೇಸು ಬಂತು. ಫೋನ್ ಕರೆಗಳನ್ನು ಕಡಿಮೆ ದರದ ದಾರಿಯಲ್ಲಿ ಕಳಿಸುವ ಪೇಟೆಂಟ್‌ಗಳು ಅವು. ಉಲ್ಲಂಘನೆ ಮಾಡುತ್ತಿದ್ದೀರಿ ಅಂತ ಆರೋಪ ಬಂದ ಮೇಲೆ ಸ್ಪೀಕೀಸಿ 2007ರಲ್ಲಿ 4,75,000 ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಕೇಸು ಇನ್ನೂ ದಾಖಲಾಗಿರಲಿಲ್ಲ. ಪೇಟೆಂಟ್ ಪ್ರಶ್ನಿಸಿದರೆ 1.2 ಕೋಟಿ ಡಾಲರ್ ಪರಿಹಾರ ಕೊಡಬೇಕು ಅಂತಲೂ ಬರೆಸಿಕೊಂಡಿದ್ದರು!

ಕೋರ್ಟ್ ಆ ಷರತ್ತನ್ನು ಜಾರಿ ಮಾಡಲು ಒಪ್ಪಲಿಲ್ಲ. ಕೇಸು ಹಾಕುವ ಮೊದಲೇ ಇಂಥ ಷರತ್ತು ಹಾಕಿಸಿಕೊಳ್ಳಲು ಬಿಟ್ಟರೆ ಎಲ್ಲ ಲೈಸೆನ್ಸ್‌ಗಳಿಗೂ 'ರಾಜಿ' ಅಂತ ಹೆಸರಿಟ್ಟು ಲಿಯರ್ ನಿಯಮವನ್ನು ಪಕ್ಕಕ್ಕಿಡಬಹುದು. ಹೋರಾಟದ ಖರ್ಚಿಗಿಂತ ಸ್ವಲ್ಪ ಕಡಿಮೆ ದುಡ್ಡು ಕೇಳಿ ಒಬ್ಬೊಬ್ಬರ ಬಾಯನ್ನೂ ಮುಚ್ಚಿಸಬಹುದು. ಅಂದರೆ ಬರೀ ಬೆದರಿಕೆ ಪತ್ರದ ಮೇಲೆ ಆದ ರಾಜಿಗೆ ಈ ಬಲ ಸಿಗಲ್ಲ. ಕೇಸು ದಾಖಲಾಗಿ, ಪ್ರಶ್ನೆ ಎದ್ದು, ದಾಖಲೆ ನೋಡುವ ಅವಕಾಶ ಸಿಕ್ಕ ಮೇಲೆ ಆದ ರಾಜಿಗೆ ಸಿಗುತ್ತದೆ.

ಸುಮ್ನಿರು:

1.2 ಕೋಟಿ ಡಾಲರ್? ಅಷ್ಟು ಬರೆಸಿಕೊಂಡಿದ್ದಾರೆ ಅಂದರೆ ಅವರಿಗೇ ತಮ್ಮ ಪೇಟೆಂಟ್ ಮೇಲೆ ಎಷ್ಟು ನಂಬಿಕೆ ಅಂತ ಗೊತ್ತಾಗುತ್ತದೆ ಬಿಡಿ.

ಗೇರ್‌ಪೆಟ್ಟಿಗೆ:

ನಮ್ಮದರಲ್ಲಿ ಕೇಸು ದಾಖಲಾಗಿತ್ತು. ಪೇಟೆಂಟ್ ಸಿಂಧುವಲ್ಲ ಅಂತ ನಮ್ಮ ಉತ್ತರದಲ್ಲೂ ಹೇಳಿದ್ದೆವು. ಡಿಸ್ಕವರಿ ಶುರುವಾಗಿತ್ತು, ನಾವೇ ಖರ್ಚಿಗೆ ಹೆದರಿ ಹೆಚ್ಚೇನೂ ಕೇಳಲಿಲ್ಲ. ಹಾಗಾದರೆ ನಾವು ಫ್ಲೆಕ್ಸ್-ಫುಟ್ ಕಡೆಯವರೇ ಅಲ್ವಾ?

ಕಲಂಕಣ್ಣು:

ಸಮಯದ ಮಟ್ಟಿಗೆ ಹೌದು. ನೀವು ಕೇಳಲಿಲ್ಲ ಅನ್ನುವುದು ನಿಮ್ಮ ಆಯ್ಕೆ. ಕೇಳುವ ಬಾಗಿಲು ತೆರೆದಿತ್ತು. ಇನ್ನು ಉಳಿದಿರುವುದು ಬರಹ. ಆ ಷರತ್ತಿನಲ್ಲಿ ನಿಖರವಾಗಿ ಏನಿದೆ? ಹೆಸರುಗಳನ್ನೂ ಗುಟ್ಟಿನ ಅಂಕಿಗಳನ್ನೂ ಬಿಟ್ಟು ಸಾರಾಂಶ ಹೇಳಿ.

ಗೇರ್‌ಪೆಟ್ಟಿಗೆ:

"ಪೇಟೆಂಟ್ ಸಿಂಧು ಮತ್ತು ಜಾರಿ ಮಾಡಲು ತಕ್ಕದ್ದು ಎಂದು ಪ್ರತಿವಾದಿ ಒಪ್ಪಿಕೊಳ್ಳುತ್ತಾನೆ" ಅಂತ ಒಂದು ಸಾಲು. ಇನ್ನೊಂದು ಕಡೆ, ಈ ವ್ಯಾಜ್ಯಕ್ಕೆ ಸಂಬಂಧಿಸಿದ ಎಲ್ಲ ಹಕ್ಕು, ಬೇಡಿಕೆಗಳನ್ನು ಇಬ್ಬರೂ ಬಿಟ್ಟುಕೊಡುತ್ತಾರೆ ಅಂತ ಉದ್ದದ ಪ್ಯಾರಾ. ಕೋರ್ಟ್ ಇದನ್ನೇ ಸಮ್ಮತಿ ತೀರ್ಪು ಮಾಡಿತು. "ಮುಂದೆ ಯಾವತ್ತೂ ಪ್ರಶ್ನಿಸುವುದಿಲ್ಲ" ಅನ್ನುವ ಮಾತು ಎಲ್ಲೂ ಇಲ್ಲ.

ಕಲಂಕಣ್ಣು:

ಈಗ ವಿಷಯಕ್ಕೆ ಬಂದೆವು. ನಿಮ್ಮ ಮಾಲೀಕರು ಈ ಪೋಸ್ಟ್ ಓದಲಿ.

'ಪೇಟೆಂಟ್ ಸಿಂಧು ಎಂದು ಒಪ್ಪುತ್ತೇನೆ' ಎಂಬುದಕ್ಕೂ 'ಮುಂದಿನ ಯಾವ ಕೇಸಿನಲ್ಲೂ ಪ್ರಶ್ನಿಸುವುದಿಲ್ಲ' ಎಂಬುದಕ್ಕೂ ತುಂಬಾ ಅಂತರ ಇದೆ. 2002ರ ಇಕೋಲ್ಯಾಬ್ ವಿರುದ್ಧ ಪ್ಯಾರಾಕ್ಲಿಪ್ ಕೇಸು ನಿಮಗೆ ತುಂಬಾ ಹತ್ತಿರದ್ದು. ದೀಪ ತೋರಿಸಿ ನೊಣ ಹಿಡಿಯುವ ಸಾಧನ. ಮೊದಲ ಕೇಸು ಸಮ್ಮತಿ ತೀರ್ಪಿನಲ್ಲಿ ಮುಗಿಯಿತು. ಪೇಟೆಂಟ್ ಸಿಂಧು ಅಂತ ಅದರಲ್ಲಿ ಇತ್ತು. ಆಮೇಲೆ ಪ್ಯಾರಾಕ್ಲಿಪ್ ಬೇರೆ ಮಾದರಿ ತಂದಿತು, ಮತ್ತೆ ಕೇಸು ಬಿತ್ತು. ಹೊಸ ಮಾದರಿಯ ಕೇಸಿನಲ್ಲೂ ಪ್ರಶ್ನಿಸುವ ಹಕ್ಕನ್ನು ಬಿಟ್ಟುಕೊಡುವ ಉದ್ದೇಶ ಆ ತೀರ್ಪಿನ ಬರಹದಲ್ಲಿ ಕಾಣುತ್ತಿಲ್ಲ, ಆದ್ದರಿಂದ ಪ್ರಶ್ನಿಸಬಹುದು ಎಂದು ಕೋರ್ಟ್ ಹೇಳಿತು.

ಎಲ್ಲ ಹಕ್ಕು ಬಿಟ್ಟುಕೊಡುತ್ತೇವೆ ಅನ್ನುವ ನಿಮ್ಮ ಆ ಉದ್ದದ ಪ್ಯಾರಾಕ್ಕೂ ಉತ್ತರ ಇದೆ. 2010ರ ಬೇಸ್‌ಲೋಡ್ ಎನರ್ಜಿ ವಿರುದ್ಧ ರಾಬರ್ಟ್ಸ್. ಗಾಳಿಪಟದ ಹಾಗೆ ಆಕಾಶದಲ್ಲಿ ಹಾರಿಸಿ ಕರೆಂಟ್ ತೆಗೆಯುವ ಗಾಳಿಯಂತ್ರದ ಪೇಟೆಂಟ್. ರಾಜಿಯಲ್ಲಿ ಸಾಮಾನ್ಯ ಬಿಡುಗಡೆಯ ಮಾತು, ಅಂದರೆ ಪರಸ್ಪರ ಬೇಡಿಕೆಗಳನ್ನೆಲ್ಲ ಬಿಟ್ಟೆವು ಅನ್ನುವ ಮಾತು, ಮಾತ್ರ ಇತ್ತು. ಪೇಟೆಂಟ್ ಪ್ರಶ್ನಿಸುವ ಹಕ್ಕನ್ನು ಕಿತ್ತುಕೊಳ್ಳಲು ಆ ಬರಹ ಸಾಲದು ಎಂದಿತು ಕೋರ್ಟ್. ಹಕ್ಕು ಹೋಗಬೇಕಾದರೆ ಅದು ಹೋಗುತ್ತಿದೆ ಅಂತ ಎರಡು ಅರ್ಥಕ್ಕೆ ಎಡೆಯಿಲ್ಲದ ಹಾಗೆ ಬರೆದಿರಬೇಕು.

ಇದೆಲ್ಲ ಹೊಸ ಮಾದರಿಯ ಮಾತು. ಹಳೆ ಮಾದರಿಯ ಮೇಲೆ ನಿಮಗೆ ಭರವಸೆ ಕೊಡಲಾರೆ. ಅಲ್ಲಿ ಸಮ್ಮತಿ ತೀರ್ಪೇ ಗೋಡೆ. ಒಮ್ಮೆ ತೀರ್ಪಾದ ವಿಷಯವನ್ನು ಮತ್ತೆ ಎತ್ತುವಂತಿಲ್ಲ ಎಂಬ ನಿಯಮವನ್ನು ಲಿಯರ್ ಮುಟ್ಟಿಲ್ಲ ಅಂತ 1991ರ ಫೋಸ್ಟರ್ ವಿರುದ್ಧ ಹಾಲ್ಕೋ ತೀರ್ಪು ಹೇಳುತ್ತದೆ. ಅದೇ ತೀರ್ಪಿನ ಪ್ರಕಾರ ಹೊಸ ಸಾಧನ ಸಾರದಲ್ಲಿ ಹಳೆಯದೇ ಆಗಿದ್ದರೆ ಅದಕ್ಕೂ ಇದೇ ಗತಿ. ಬಣ್ಣ ಬದಲಿಸಿ, ಒಂದು ಸ್ಕ್ರೂ ಜಾಸ್ತಿ ಹಾಕಿ ಹೊಸ ಮಾದರಿ ಅಂದರೆ ನಡೆಯಲ್ಲ.

ಗೇರ್‌ಪೆಟ್ಟಿಗೆ:

ಸ್ಕ್ರೂ ಅಲ್ಲ ಸರ್, ಹಲ್ಲುಚಕ್ರದ ಜೋಡಣೆಯೇ ಬೇರೆ. ಇಷ್ಟು ವಿವರವಾಗಿ ಬರೆದಿದ್ದಕ್ಕೆ ಧನ್ಯವಾದ. ಹಾಗಾದರೆ ಕೋರ್ಟ್ ಬಿಟ್ಟು ನೇರವಾಗಿ ಅಮೆರಿಕದ ಪೇಟೆಂಟ್ ಕಚೇರಿಗೆ ಹೋದರೆ? ಅಲ್ಲಿ ಖರ್ಚು ಕಡಿಮೆ ಅಂತ ಕೇಳಿದ್ದೇನೆ.

ಹಳೇಕಡತ:

ನೀವು ಹೇಳುತ್ತಿರುವುದು ಇಂಟರ್ ಪಾರ್ಟೆಸ್ ರಿವ್ಯೂ, ಅಂದರೆ ಎರಡೂ ಕಡೆಯವರ ವಾದ ಕೇಳಿ ಪೇಟೆಂಟ್ ಕಚೇರಿಯೇ ಪೇಟೆಂಟನ್ನು ಮತ್ತೆ ಪರೀಕ್ಷಿಸುವುದು. 2011ರ ಕಾಯ್ದೆಯಿಂದ ಬಂದದ್ದು. ನಿಮ್ಮ ಪಾಲಿಗೆ ಆ ಬಾಗಿಲು ಮುಚ್ಚಿದೆ. ಉಲ್ಲಂಘನೆಯ ದೂರು ಕೈಗೆ ಬಂದ ಮೇಲೆ ಆ ಅರ್ಜಿಗೆ ಒಂದು ವರ್ಷ ಮಾತ್ರ ಸಮಯ. ನಿಮ್ಮ ದೂರು ಬಂದು ಎಷ್ಟೋ ವರ್ಷ ಆಯಿತಲ್ಲ.

ಇನ್ನೊಂದು ಉಳಿದಿದೆ. ಎಕ್ಸ್ ಪಾರ್ಟೆ ಮರುಪರಿಶೀಲನೆ. ಅದಕ್ಕೆ ಈ ಒಂದು ವರ್ಷದ ಗಡುವಿಲ್ಲ. ಹಳೆಯ ಪೇಟೆಂಟ್ ಅಥವಾ ಅಚ್ಚಾದ ಪ್ರಕಟಣೆ ಮುಂದಿಟ್ಟು ಯಾರು ಬೇಕಾದರೂ ಕೇಳಬಹುದು. ನಿಮ್ಮ ಕ್ಯಾಟಲಾಗ್ ಆ ಕಾಲದಲ್ಲಿ ಜನರ ಕೈಗೆ ಸಿಗುತ್ತಿತ್ತು ಅಂತ ತೋರಿಸಿದರೆ ಅಚ್ಚಾದ ಪ್ರಕಟಣೆ ಆಗುತ್ತದೆ. ಆದರೆ ಅರ್ಜಿ ಕೊಟ್ಟ ಮೇಲೆ ನಿಮ್ಮ ಪಾತ್ರ ಬಹುತೇಕ ಮುಗಿಯುತ್ತದೆ. ಮುಂದಿನ ವಾದವೆಲ್ಲ ಪೇಟೆಂಟ್ ಮಾಲೀಕ ಮತ್ತು ಪರೀಕ್ಷಕರ ನಡುವೆ.

ಸುಮ್ನಿರು:

ಇನ್ಯಾರದೋ ಹೆಸರಲ್ಲಿ ಹಾಕಿಸಿಬಿಡಿ. ಯಾರಿಗೆ ಗೊತ್ತಾಗುತ್ತೆ?

ಕಲಂಕಣ್ಣು:

ದಯವಿಟ್ಟು ಈ ಸಲಹೆ ಕೇಳಬೇಡಿ. ಎಷ್ಟೋ ರಾಜಿಗಳಲ್ಲಿ 'ನೇರವಾಗಿ ಆಗಲಿ ಪರೋಕ್ಷವಾಗಿ ಆಗಲಿ, ಬೇರೆಯವರಿಗೆ ನೆರವು ಕೊಟ್ಟಾಗಲಿ' ಅಂತ ಇರುತ್ತದೆ. ಆ ಮಾತು ನಿಮ್ಮ ಪತ್ರದಲ್ಲಿ ಇದ್ದರೆ ಕ್ಯಾಟಲಾಗನ್ನು ಸ್ನೇಹಿತರಿಗೆ ಕೊಡುವುದೂ ಒಪ್ಪಂದ ಮುರಿದಂತೆ.

ಇನ್ನೊಂದು ಷರತ್ತು ಹುಡುಕಿ. ಜಗಳ ಬಂದರೆ ಎಲ್ಲಿ ಬಗೆಹರಿಸಬೇಕು ಅನ್ನುವುದು. ಓದುವವರು ಅದನ್ನು ಹಾರಿಸಿಬಿಡುತ್ತಾರೆ, ಅದೇ ಕಾಲಿಗೆ ತೊಡರುವುದು. 2022ರ ನಿಪ್ಪಾನ್ ಶಿನ್ಯಾಕು ವಿರುದ್ಧ ಸರೆಪ್ಟಾ ಕೇಸು ಡುಷೆನ್ ಸ್ನಾಯು ಕಾಯಿಲೆಯ ಔಷಧಗಳದ್ದು. ಅಲ್ಲಿ ಇದ್ದದ್ದು ರಾಜಿಯೂ ಅಲ್ಲ, ಮಾತುಕತೆಗೆ ಮುಂಚೆ ಮಾಡಿಕೊಂಡ ಗೌಪ್ಯತೆ ಒಪ್ಪಂದ. ಪೇಟೆಂಟ್ ವ್ಯಾಜ್ಯಗಳನ್ನೆಲ್ಲ ಡೆಲವೇರ್ ಕೋರ್ಟಿನಲ್ಲೇ ಹೂಡಬೇಕು ಅಂತ ಅದರಲ್ಲಿತ್ತು. ಸರೆಪ್ಟಾ ಪೇಟೆಂಟ್ ಕಚೇರಿಯಲ್ಲಿ ಏಳು ರಿವ್ಯೂ ಅರ್ಜಿ ಹಾಕಿತು. ಕಚೇರಿಗೆ ಹೋಗುವ ಹಕ್ಕನ್ನು ಒಪ್ಪಂದದಲ್ಲಿ ಬಿಟ್ಟುಕೊಡಬಹುದು ಅಂತ ಹೇಳಿ ಫೆಡರಲ್ ಸರ್ಕ್ಯೂಟ್ ಕೋರ್ಟ್ ನಿಪ್ಪಾನ್ ಶಿನ್ಯಾಕು ಕೇಳಿದ ತಡೆಯಾಜ್ಞೆ ಕೊಡಬೇಕು ಎಂದಿತು. ಅದರ ಹಿಂದಿನ ವರ್ಷವೇ ಕನೂ ವಿರುದ್ಧ ಸ್ಯಾಮ್‌ಸಂಗ್ ಕೇಸಿನಲ್ಲಿ ತೀರ್ಪು ಬೇರೆ ಬಂದಿತ್ತು. ಆ ಒಪ್ಪಂದದ ಜಾಗದ ಷರತ್ತಿಗೆ ಪೇಟೆಂಟ್ ರಿವ್ಯೂ ಒಳಪಡಲ್ಲ ಅಂತ. ಎರಡೂ ಗೌಪ್ಯತೆ ಒಪ್ಪಂದಗಳೇ. ಬರಹ ಬೇರೆ, ಫಲ ಬೇರೆ.

ಅರ್ಧವಿರಾಮ:

ಎಲ್ಲ ಅಮೆರಿಕದ್ದೇ ಆಯಿತು. ಬೇರೆ ಕಡೆ ಹೇಗೆ? ಭಾರತದ ಕಾಯ್ದೆ ಇದಕ್ಕಿಂತ ಗಟ್ಟಿ ಅಂತ ನನ್ನ ತಿಳಿವಳಿಕೆ.

ಹಳೇಕಡತ:

ಬರೆದಿರುವುದು ಗಟ್ಟಿಯಾಗಿಯೇ ಇದೆ. 1970ರ ಪೇಟೆಂಟ್ ಕಾಯ್ದೆಯ 140ನೇ ಕಲಂ ನೋಡಿ. ಪೇಟೆಂಟ್ ಇರುವ ವಸ್ತುವಿನ ಮಾರಾಟ, ಲೀಸ್, ಲೈಸೆನ್ಸ್ ಒಪ್ಪಂದದಲ್ಲಿ ಪೇಟೆಂಟಿನ ಸಿಂಧುತ್ವ ಪ್ರಶ್ನಿಸದಂತೆ ತಡೆಯುವ ಷರತ್ತು ಹಾಕುವಂತಿಲ್ಲ, ಹಾಕಿದರೆ ಅನೂರ್ಜಿತ. ಆದರೆ ಕಲಂ ಹೆಸರಿಸುವುದು ಮಾರಾಟ, ಲೀಸ್, ಲೈಸೆನ್ಸ್‌ಗಳನ್ನು. ರಾಜಿಯಲ್ಲಿ ಲೈಸೆನ್ಸ್ ಇದ್ದರೆ ಇದರ ಬಿಸಿ ತಟ್ಟುತ್ತದೆ. 'ನಾನು ಇನ್ನು ಆ ಮಾಲು ಮಾಡಲ್ಲ' ಅಂತಷ್ಟೇ ಬರೆದ ರಾಜಿಯಾದರೆ ವಾದಕ್ಕೆ ಜಾಗ ಇದೆ. ರಾಜಿ ಡಿಕ್ರಿ ಆಗಬೇಕಾದರೆ ಅದು ಕಾನೂನುಬದ್ಧ ಒಪ್ಪಂದ ಆಗಿರಬೇಕು ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯೂ ಹೇಳುತ್ತದೆ. ವಕೀಲರು 140ನ್ನು ಅಲ್ಲೂ ಎತ್ತಬಹುದು.

ಒಪ್ಪಿದ ಮಾತಿಗೆ ಭಾರತದ ಸುಪ್ರೀಂ ಕೋರ್ಟ್ ಕೂಡ ಬೆಲೆ ಕೊಟ್ಟಿದೆ. ಗಾಳಿ ವಿದ್ಯುತ್ ಯಂತ್ರಗಳ ಪೇಟೆಂಟ್ ಬಗ್ಗೆ 2014ರ ಅಲೋಯ್ಸ್ ವೊಬ್ಬೆನ್ ತೀರ್ಪಿನಲ್ಲಿ ಅದು ಕಾಣುತ್ತದೆ. ಎಲ್ಲವನ್ನೂ ಹೈಕೋರ್ಟಿನಲ್ಲೇ ತೀರ್ಮಾನಿಸಿಕೊಳ್ಳೋಣ ಅಂತ ಸಮ್ಮತಿಸಿದ ಮೇಲೆ ಬೇರೆ ಕಡೆ ರದ್ದತಿ ಅರ್ಜಿ ಮುಂದುವರಿಸುವಂತಿಲ್ಲ ಎಂದಿತು. ಗಮನಿಸಿ, ಅದು ಎಲ್ಲಿ ಪ್ರಶ್ನಿಸಬೇಕು ಅನ್ನುವುದರ ಬಗ್ಗೆ. ಪ್ರಶ್ನಿಸಲೇಬಾರದು ಅಂತಲ್ಲ.

ಯುರೋಪಿನ ದಾರಿ ಸ್ಪರ್ಧಾ ಕಾನೂನಿನದ್ದು. ಲೈಸೆನ್ಸ್‌ನಲ್ಲಿ ಇಂಥ ಷರತ್ತಿದ್ದರೆ 2026ರ ಏಪ್ರಿಲ್‌ವರೆಗೆ ಜಾರಿಯಲ್ಲಿದ್ದ 2014ರ ತಂತ್ರಜ್ಞಾನ ವರ್ಗಾವಣೆ ನಿಯಮದ ಸಾಮೂಹಿಕ ವಿನಾಯಿತಿ, ಅಂದರೆ ಸ್ಪರ್ಧಾ ಕಾನೂನಿನಿಂದ ತಾನಾಗಿ ಸಿಗುವ ರಿಯಾಯಿತಿ, ಅದಕ್ಕೆ ಸಿಗುತ್ತಿರಲಿಲ್ಲ. ರಾಜಿಯಲ್ಲಿ ಇದ್ದರೆ ಸಾಮಾನ್ಯವಾಗಿ ತಪ್ಪಲ್ಲ ಅಂತ ಅದರ ಮಾರ್ಗಸೂಚಿ ಹೇಳುತ್ತಿತ್ತು. ಸುಳ್ಳು ಮಾಹಿತಿ ಕೊಟ್ಟು ಪಡೆದ ಪೇಟೆಂಟ್ ಆಗಿದ್ದರೆ, ಅಥವಾ ಪ್ರಶ್ನಿಸದೇ ಇರಲು ದುಡ್ಡು ಕೊಟ್ಟಿದ್ದರೆ ಮಾತು ಬೇರೆ.

ಅರ್ಧವಿರಾಮ:

ಆ ದುಡ್ಡು ಕೊಡುವುದೇ ನನಗೆ ಬೇಕಿದ್ದ ವಿಷಯ. ಔಷಧ ಕಂಪನಿಗಳು ಮಾಡುತ್ತಿದ್ದದ್ದು ಅದನ್ನೇ ತಾನೆ? ಪೇಟೆಂಟ್ ಮಾಲೀಕನೇ ಜೆನೆರಿಕ್ ಕಂಪನಿಗೆ ದುಡ್ಡು ಕೊಟ್ಟು, ನೀನು ಕೇಸು ಬಿಡು, ಇಷ್ಟು ವರ್ಷ ಮಾರುಕಟ್ಟೆಗೆ ಬರಬೇಡ ಅನ್ನುವುದು. ಆರೋಪಿಗೇ ಹಣ ಸಿಗುವ ರಾಜಿ! 2013ರ ಆಕ್ಟವಿಸ್ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5-3 ಬಹುಮತದಿಂದ ಇದನ್ನು ಸ್ಪರ್ಧಾ ಕಾನೂನಿನಡಿ ಪರೀಕ್ಷೆ ಮಾಡಬಹುದು ಎಂದಿತು. ಗೆಲ್ಲುವ ನಂಬಿಕೆ ಇರುವ ಮಾಲೀಕ ಅಷ್ಟು ದೊಡ್ಡ ಮೊತ್ತ ಯಾಕೆ ಕೊಡುತ್ತಾನೆ? ರಾಜಿ ಅಂದಾಕ್ಷಣ ಪವಿತ್ರ ಅನ್ನುವವರಿಗೆ ನಾನು ಇದನ್ನೇ ತೋರಿಸುವುದು.

ಕಲಂಕಣ್ಣು:

ಇದರಲ್ಲಿ ನಿಮ್ಮ ಜೊತೆ ನಾನೂ ಇದ್ದೇನೆ. ಗೇರ್‌ಪೆಟ್ಟಿಗೆಯವರ ಕೇಸಿನಲ್ಲಿ ದುಡ್ಡು ಹೋಗುತ್ತಿರುವುದು ಮಾಮೂಲಿ ದಿಕ್ಕಿನಲ್ಲಿ, ಹಾಗಾಗಿ ಅವರಿಗೆ ಇದು ಕೆಲಸಕ್ಕೆ ಬರಲ್ಲ ಅಷ್ಟೇ.

ಗೇರ್‌ಪೆಟ್ಟಿಗೆ:

ಪತ್ರ ಮತ್ತೆ ಪೂರ್ತಿ ಓದಿದೆ. ಜಾಗದ ಷರತ್ತು ಇದೆ, ಒಪ್ಪಂದದಿಂದ ಹುಟ್ಟುವ ವ್ಯಾಜ್ಯಗಳಿಗೆ ಅಂತಷ್ಟೇ. ನೆರವು ಕೊಡುವ ಮಾತಿಲ್ಲ. ಆದರೆ ಇನ್ನೊಂದು ಸಿಕ್ಕಿತು. ನಾವು ಪೇಟೆಂಟನ್ನು ಎಲ್ಲಾದರೂ ಪ್ರಶ್ನಿಸಿದರೆ ಮಾಲೀಕ ಲೈಸೆನ್ಸ್ ರದ್ದು ಮಾಡಬಹುದಂತೆ. ಇದರ ಅರ್ಥ? ಜೊತೆಗೆ, ಬೇರೆ ಯಾರೋ ಆ ಪೇಟೆಂಟನ್ನು ಬೀಳಿಸಿದರೆ ನಮ್ಮ ರಾಯಲ್ಟಿ ತಾನಾಗಿ ನಿಲ್ಲುತ್ತದಾ?

ಹಳೇಕಡತ:

ಎರಡನೆಯದಕ್ಕೆ ಮೊದಲು. 1971ರ ಬ್ಲಾಂಡರ್-ಟಂಗ್ ತೀರ್ಪಿನ ನಂತರ, ಒಮ್ಮೆ ಸಿಂಧುವಲ್ಲ ಅಂತಾದ ಪೇಟೆಂಟನ್ನು ಮಾಲೀಕ ಇನ್ನೊಬ್ಬರ ಮೇಲೆ ಬಳಸಲಾರ. ರಾಜಿಯಲ್ಲಿ ಒಪ್ಪಿದ ಹಣದ ಲೆಕ್ಕ ಬೇರೆ ಆಗಬಹುದು. 1988ರ ಹೆಮ್‌ಸ್ಟ್ರೀಟ್ ವಿರುದ್ಧ ಸ್ಪೀಗಲ್‌ನಲ್ಲಿ, ಮುಂದೆ ಬೇರೆ ಕೇಸಿನಲ್ಲಿ ಪೇಟೆಂಟ್ ಬಿದ್ದರೂ ಹಣ ಕೊಡುತ್ತೇವೆ ಅಂತ ರಾಜಿಯಲ್ಲೇ ಇತ್ತು. ಪೇಟೆಂಟ್ ಜಾರಿಗೆ ತಕ್ಕದ್ದಲ್ಲ ಅಂತ ಬೇರೆಡೆ ತೀರ್ಪಾಯಿತು. ಬಾಕಿ ಕೊಡಲೇಬೇಕಾಯಿತು. ನಿಮ್ಮದರಲ್ಲಿ ಅಂಥ ಸಾಲು ಇದೆಯಾ ನೋಡಿ.

ಕಲಂಕಣ್ಣು:

ಮೊದಲನೆಯದಕ್ಕೆ ನಾನು. ಅದು ನಿಮ್ಮ ಬಾಯಿ ಕಟ್ಟುವ ಷರತ್ತಲ್ಲ. ಪ್ರಶ್ನಿಸುವ ಹಕ್ಕು ಇದೆ, ಬೆಲೆಯೂ ಇದೆ ಅಂತ. ಹೊಸ ಮಾದರಿಗಾಗಿ ಕೇಸು ಹಾಕಿದರೆ ಹಳೆ ಮಾದರಿಯ ಲೈಸೆನ್ಸ್ ಹೋಗಬಹುದು. ಹಳೆ ಮಾದರಿಯಲ್ಲಿ ಸಮ್ಮತಿ ತೀರ್ಪು ಎದುರಿಗಿದೆ, ಅಲ್ಲಿ ಪ್ರಶ್ನಿಸಲಾರಿರಿ. ಅಂದರೆ ಲೈಸೆನ್ಸೂ ಇಲ್ಲ, ವಾದವೂ ಇಲ್ಲ. ನನಗೆ ಅತಿ ದೊಡ್ಡ ಅಪಾಯ ಅನಿಸುವುದು ಇದು.

ಲೈಸೆನ್ಸ್ ಮುರಿಯದೆ, ರಾಯಲ್ಟಿ ಕಟ್ಟುತ್ತಲೇ ಕೇಸು ಹಾಕಬಹುದು ಅಂತ 2007ರ ಮೆಡ್‌ಇಮ್ಯೂನ್ ತೀರ್ಪು ಹೇಳಿದೆ ನಿಜ. ಆದರೆ ನಿಮ್ಮ ಪತ್ರದಲ್ಲಿ ರದ್ದತಿಯ ಷರತ್ತು ಇರುವಾಗ ಆ ತೀರ್ಪು ಲೈಸೆನ್ಸನ್ನು ಕಾಪಾಡಲ್ಲ. ಮಾಲೀಕರಿಗೆ ಹೇಳಿ, ಸಿಟ್ಟಿನಲ್ಲಿ ಸುಮ್ನೆ ರಾಯಲ್ಟಿ ನಿಲ್ಲಿಸಬೇಡಿ ಅಂತ. ಪೇಟೆಂಟ್ ಸಿಂಧುವಲ್ಲ ಅನ್ನುವ ಕಾರಣವನ್ನು ಎದುರಿನವರಿಗೆ ಸ್ಪಷ್ಟವಾಗಿ ತಿಳಿಸದೆ ಉಳಿಸಿಕೊಂಡ ರಾಯಲ್ಟಿಗೆ ಲಿಯರ್ ರಕ್ಷಣೆ ಇಲ್ಲ ಅಂತ 1997ರಲ್ಲಿ ಶೆಲ್ ಕಂಪನಿಯ ಕೇಸಿನಲ್ಲೇ ಆಗಿದೆ.

ಸುಮ್ನಿರು:

ಹಳೆ ಮಾದರಿ ಎಷ್ಟು ಮಾರಾಟ ಆಗುತ್ತಿದೆ?

ಗೇರ್‌ಪೆಟ್ಟಿಗೆ:

ಒಳ್ಳೆ ಪ್ರಶ್ನೆ. ಈಗಲೂ ನಮ್ಮ ಅಮೆರಿಕದ ಆದಾಯದಲ್ಲಿ ಹೆಚ್ಚಿನದು ಅದರಿಂದಲೇ. ಹೊಸದು ಪೂರ್ತಿ ಅದರ ಜಾಗಕ್ಕೆ ಬರುವವರೆಗೆ ಲೈಸೆನ್ಸ್ ಕಳೆದುಕೊಳ್ಳುವ ಹಾಗಿಲ್ಲ. ಮಾಲೀಕರ ಜೊತೆ ಮಾತಾಡಿದೆ. ರಾಯಲ್ಟಿ ಎಂದಿನಂತೆ ಕಟ್ಟುತ್ತೇವೆ. ನಾವಾಗಿ ಯಾವ ಕೇಸೂ ಹಾಕಲ್ಲ. ಹೊಸ ಮಾದರಿ ಪೇಟೆಂಟಿನ ವ್ಯಾಪ್ತಿಗೇ ಬರಲ್ಲ ಅಂತ ಅವರ ಪತ್ರಕ್ಕೆ ಉತ್ತರ ಹೋಗುತ್ತದೆ, ಸಿಂಧುತ್ವದ ಮಾತು ಎತ್ತದೆ. ಅವರೇ ಹೊಸ ಮಾದರಿಯ ಮೇಲೆ ಕೇಸು ಹಾಕಿದರೆ ಆಗ ಕ್ಯಾಟಲಾಗ್ ಹೊರಗೆ ತೆಗೆಯುತ್ತೇವೆ.

ಕಲಂಕಣ್ಣು:

ಸರಿಯಾದ ದಾರಿ. ಒಂದು ಮಾತ್ರ ವಕೀಲರನ್ನು ಈಗಲೇ ಕೇಳಿ. ಅವರು ಕೇಸು ಹಾಕಿದಾಗ ನೀವು ರಕ್ಷಣೆಗಾಗಿ ಸಿಂಧುತ್ವ ಎತ್ತಿದರೆ, ಅದೂ ಆ ರದ್ದತಿ ಷರತ್ತಿನ ಪ್ರಕಾರ 'ಪ್ರಶ್ನಿಸಿದಂತೆ' ಆಗುತ್ತದಾ ಅಂತ. ಕೆಲವು ಒಪ್ಪಂದಗಳಲ್ಲಿ ರಕ್ಷಣೆಗೆ ಎತ್ತುವುದನ್ನು ಹೊರಗಿಟ್ಟಿರುತ್ತಾರೆ. ಕ್ಯಾಟಲಾಗ್ ಯಾವ ವರ್ಷ ಯಾರ ಕೈಗೆ ಹಂಚಿಕೆಯಾಗಿತ್ತು ಅನ್ನುವುದಕ್ಕೆ ಸಾಕ್ಷಿ ಕೂಡಿಡುವ ಕೆಲಸವನ್ನೂ ಈಗಲೇ ಶುರು ಮಾಡಿ. ಆ ಕಾಲದಲ್ಲಿ ಅದನ್ನು ಹಂಚಿದವರು ಇನ್ನೂ ಸಿಗುವಾಗಲೇ ಹೇಳಿಕೆ ಬರೆಸಿಕೊಳ್ಳುವುದು ಸುಲಭ.

ಗೇರ್‌ಪೆಟ್ಟಿಗೆ:

ಎರಡನ್ನೂ ಬರೆದುಕೊಂಡೆ. ಅಚ್ಚು ಹಾಕಿದವರ ಹೆಸರು ಕ್ಯಾಟಲಾಗಿನ ಕೊನೆ ಪುಟದಲ್ಲೇ ಇದೆ, ಅಲ್ಲಿಂದ ವಿಚಾರಿಸುತ್ತೇವೆ.